ಪದ ಕಳೆದುಕೊಂಡ ಲೋಕಗಳು: ಡಿಸ್ಟೋಪಿಯಾ ಕಾದಂಬರಿಗಳಲ್ಲಿ ಮಾತು, ಬರಹ ಯಾಕೆ ಸೊರಗುತ್ತವೆ?

ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯ ಮೊದಲ ಪುಟಗಳಲ್ಲೇ ಒಬ್ಬ ಮನುಷ್ಯ ಪೆನ್ನು ಹಿಡಿದು ಪೇಚಾಡುತ್ತಾನೆ. ಅವನ ಹೆಸರು ವಿನ್ಸ್‌ಟನ್ ಸ್ಮಿತ್. ವಯಸ್ಸು 39, ಕೆಲಸ ‘ಸತ್ಯ ಸಚಿವಾಲಯ’ದಲ್ಲಿ. ಹಳೇ ಸಾಮಾನಿನ ಅಂಗಡಿಯಲ್ಲಿ ಕದ್ದುಮುಚ್ಚಿ ಕೊಂಡು ತಂದ ಖಾಲಿ ಪುಸ್ತಕ ಮುಂದೆ ತೆರೆದಿದೆ. ದಿನಚರಿ ಬರೆಯಬೇಕು. ಆದರೆ ಕೈಯಲ್ಲಿ ಬರೆಯುವ ರೂಢಿಯೇ ಅವನಿಗೆ ತಪ್ಪಿಹೋಗಿದೆ. ಸಣ್ಣಪುಟ್ಟ ಚೀಟಿಗಳನ್ನು ಬಿಟ್ಟರೆ ಉಳಿದದ್ದನ್ನೆಲ್ಲ ‘ಸ್ಪೀಕ್‌ರೈಟ್’ ಎಂಬ ಯಂತ್ರಕ್ಕೆ ಬಾಯಲ್ಲಿ ಹೇಳುವುದೇ ಅಲ್ಲಿನ ಪದ್ಧತಿ. ಅಲ್ಲಿ ದಿನಚರಿ ಬರೆಯಬಾರದು ಎಂಬ ಕಾನೂನೇನೂ ಇಲ್ಲ, ಏಕೆಂದರೆ ಕಾನೂನುಗಳೇ ಇಲ್ಲ. ಸಿಕ್ಕಿಬಿದ್ದರೆ ಮಾತ್ರ ಮರಣದಂಡನೆ ಅಥವಾ ಕನಿಷ್ಠ 25 ವರ್ಷ ದುಡಿಮೆಯ ಶಿಬಿರ. ಹೇಗೋ ಧೈರ್ಯ ಮಾಡಿ ತಾರೀಕು ಬರೆಯುತ್ತಾನೆ: ಏಪ್ರಿಲ್ 4, 1984. ಬರೆದ ಮೇಲೆ ಗಾಬರಿ. ಇದು 1984ನೇ ಇಸವಿಯೇ ಹೌದೋ ಅಲ್ಲವೋ ಅವನಿಗೆ ಖಚಿತವಿಲ್ಲ.

1949ರಲ್ಲಿ ಇದನ್ನು ಓದಿದವರಿಗೆ ಸ್ಪೀಕ್‌ರೈಟ್ ಕಟ್ಟುಕತೆಯ ಯಂತ್ರ. ಇವತ್ತು ನಾವು ಫೋನಿಗೆ ಬಾಯಲ್ಲಿ ಹೇಳಿದರೆ ಅದು ಅಕ್ಷರವಾಗುತ್ತದೆ. ರಜೆ ಚೀಟಿಯಿಂದ ಹಿಡಿದು ಕವಿತೆಯವರೆಗೆ ಕೇಳಿದ್ದನ್ನೆಲ್ಲ ಬರೆದುಕೊಡುವ ತಂತ್ರಾಂಶಗಳಿವೆ. ಹಾಗಾಗಿಯೇ ‘ಆರ್ವೆಲ್ ಹೇಳಿದ್ದು ನಿಜವಾಯಿತು’ ಎಂಬ ಮಾತು ಪತ್ರಿಕೆಗಳಲ್ಲಿ, ಚರ್ಚೆಗಳಲ್ಲಿ ಪದೇ ಪದೇ ಕಿವಿಗೆ ಬೀಳುತ್ತದೆ. 2017ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರ ಸಲಹೆಗಾರ್ತಿಯೊಬ್ಬರು ‘ಪರ್ಯಾಯ ಸತ್ಯಾಂಶಗಳು’ ಎಂಬ ಮಾತು ಬಳಸಿದ ಕೆಲವೇ ದಿನಗಳಲ್ಲಿ ಈ ಹಳೆಯ ಕಾದಂಬರಿ ಅಮೆಜಾನ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ಆದರೆ ಆರ್ವೆಲ್ ನಿಜವಾಗಿ ಹೇಳಿದ್ದೇನು? ಅವರಂತೆ ಯೋಚಿಸಿದ ಉಳಿದ ಲೇಖಕರು ಯಾರು? ಕಾದಂಬರಿಗಳಲ್ಲಿ ನಡೆಯುವ ಹಾಗೆ ಭಾಷೆಯನ್ನು ಸಾಯಿಸಲು ಸಾಧ್ಯವೇ? ಒಂದೊಂದಾಗಿ ನೋಡೋಣ.

ಡಿಸ್ಟೋಪಿಯಾ ಎಂದರೆ

1516ರಲ್ಲಿ ಇಂಗ್ಲೆಂಡಿನ ಥಾಮಸ್ ಮೋರ್ ಒಂದು ಕಲ್ಪಿತ ದ್ವೀಪದ ಕತೆ ಬರೆದು ಅದಕ್ಕೆ ‘ಯುಟೋಪಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಆ ಪದಕ್ಕೆ ‘ಎಲ್ಲೂ ಇಲ್ಲದ ಊರು’ ಎಂದರ್ಥ. ಕಾಲಕ್ರಮದಲ್ಲಿ ಅದು ಎಲ್ಲವೂ ಸರಿಯಾಗಿರುವ ಆದರ್ಶ ಲೋಕಕ್ಕೆ ಹೆಸರಾಯಿತು. ಅದಕ್ಕೆ ಎದುರಾದದ್ದು ಡಿಸ್ಟೋಪಿಯಾ, ಅಂದರೆ ಕೆಟ್ಟುಹೋದ ಊರು. 1868ರಲ್ಲಿ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿನಲ್ಲಿ, ಐರ್ಲೆಂಡನ್ನು ಕುರಿತ ಸರ್ಕಾರದ ನೀತಿಯನ್ನು ಟೀಕಿಸುವಾಗ ಈ ಜಾಡಿನ ಪದವನ್ನು ಬಳಸಿದ್ದರು.

ಸಾಹಿತ್ಯದಲ್ಲಿ ಡಿಸ್ಟೋಪಿಯಾ ಎಂದರೆ ಇಂದಿನ ಒಂದು ಕೇಡನ್ನು ಹಿಡಿದು, ಅದು ಹೀಗೇ ಬೆಳೆದರೆ ನಾಳೆ ಏನಾದೀತು ಎಂದು ಕಟ್ಟಿದ ಕತೆ. ಇಂಥ ಕತೆಗಳಲ್ಲಿ ಪೊಲೀಸರು, ಗೂಢಚಾರರು, ಹಸಿವು, ಯುದ್ಧ ಎಲ್ಲ ಇರುತ್ತವೆ. ಇವುಗಳ ಜೊತೆಗೆ, ಅಚ್ಚರಿ ಎನಿಸುವಷ್ಟು ಸಲ, ಭಾಷೆಯೂ ಹಾಳಾಗಿರುತ್ತದೆ. ರಷ್ಯಾದ ಯೆವ್ಗೆನಿ ಝಮ್ಯಾಟಿನ್ ಬರೆದು, 1924ರಲ್ಲಿ ಮೊದಲು ಇಂಗ್ಲಿಷ್ ಅನುವಾದದಲ್ಲೇ ಅಚ್ಚಾದ ‘ನಾವು’ ಕಾದಂಬರಿಯಲ್ಲಿ ಜನರಿಗೆ ಹೆಸರುಗಳಿಲ್ಲ, ನಂಬರುಗಳಿವೆ. ಕತೆ ಹೇಳುವವನು ಡಿ-503. ಪುಸ್ತಕದ ಹೆಸರೇ ಹೇಳುವಂತೆ ಅವನ ಲೋಕದಲ್ಲಿ ‘ನಾನು’ ಎಂಬುದಕ್ಕೆ ಬೆಲೆ ಇಲ್ಲ. ಅವನ ಕತೆ ನಮಗೆ ತಲುಪುವುದು ಅವನೇ ಬರೆದಿಟ್ಟ ಟಿಪ್ಪಣಿಗಳ ಮೂಲಕ. ವಿನ್ಸ್‌ಟನ್‌ನಂತೆ ಅವನೂ ಬರೆಯತೊಡಗಿದ ಮೇಲೆಯೇ ಬದಲಾಗುತ್ತಾನೆ. ಈ ಬಗೆಯ ಕಾದಂಬರಿಗಳನ್ನು ಓದುತ್ತ ಹೋದರೆ ಇದು ಮತ್ತೆ ಮತ್ತೆ ಎದುರಾಗುತ್ತದೆ: ದಂಗೆ ಶುರುವಾಗುವುದು ಬಂದೂಕಿನಿಂದಲ್ಲ, ಪೆನ್ನಿನಿಂದ.

ನ್ಯೂಸ್ಪೀಕ್: ಪ್ರತಿ ವರ್ಷ ತೆಳ್ಳಗಾಗುವ ನಿಘಂಟು

‘1984’ರ ಸರ್ಕಾರ ‘ನ್ಯೂಸ್ಪೀಕ್’ ಎಂಬ ಹೊಸ ಭಾಷೆಯನ್ನು ಕಟ್ಟುತ್ತಿದೆ. ಕಟ್ಟುವುದು ಎಂದರೆ ಇಲ್ಲಿ ಕಡಿಯುವುದು. ಸೈಮ್ ಎಂಬ ಭಾಷಾತಜ್ಞ ಅದರ ನಿಘಂಟಿನ ಹನ್ನೊಂದನೇ ಆವೃತ್ತಿಯಲ್ಲಿ ಮುಳುಗಿದ್ದಾನೆ. ಊಟದ ಹೊತ್ತಿನಲ್ಲಿ ಅವನು ವಿನ್ಸ್‌ಟನ್‌ಗೆ ಉತ್ಸಾಹದಿಂದ ಹೇಳುವುದಿಷ್ಟು: ಜಗತ್ತಿನಲ್ಲಿ ವರ್ಷದಿಂದ ವರ್ಷಕ್ಕೆ ಪದಗಳು ಕಡಿಮೆಯಾಗುತ್ತಿರುವ ಭಾಷೆ ಇದೊಂದೇ, ಪದಗಳನ್ನು ನಾಶಮಾಡುವುದು ಸುಂದರವಾದ ಕೆಲಸ.

ಕನ್ನಡದಲ್ಲೇ ಇದನ್ನು ಮಾಡಿ ನೋಡೋಣ. ‘ಒಳ್ಳೆಯ’ ಎಂಬ ಒಂದು ಪದ ಇಟ್ಟುಕೊಂಡು ಚೆಂದ, ಸೊಗಸು, ಲೇಸು, ಸೊಗಡು, ಭೇಷ್, ಅಚ್ಚುಕಟ್ಟು ಎಲ್ಲವನ್ನೂ ತೆಗೆದುಹಾಕಿ. ‘ಕೆಟ್ಟ’ ಕೂಡ ಬೇಡ, ‘ಒಳ್ಳೆಯಲ್ಲದ’ ಇದೆಯಲ್ಲ! ‘ತುಂಬ ಒಳ್ಳೆಯ’ ಬೇಕಿದ್ದರೆ ‘ಹೆಚ್ಚೊಳ್ಳೆಯ’, ಅದಕ್ಕೂ ಮೇಲೆ ಬೇಕಿದ್ದರೆ ‘ಇಮ್ಮಡಿ ಹೆಚ್ಚೊಳ್ಳೆಯ’. ಕ್ರೂರ, ನೀಚ, ಹೊಲಸು, ಅನ್ಯಾಯ, ಮೋಸ, ಹಳಸಿದ, ಹಾಳಾದ ಇವೆಲ್ಲ ಕಸದ ಬುಟ್ಟಿಗೆ. ಈಗ ನಿಮ್ಮೂರಿನ ರಸ್ತೆಯ ಬಗ್ಗೆ ಒಂದು ಅರ್ಜಿ ಬರೆಯಿರಿ. ‘ರಸ್ತೆ ಒಳ್ಳೆಯಲ್ಲದು’ ಎನ್ನಬಹುದು. ಹೊಂಡ ಬಿದ್ದಿದೆಯೋ, ಕೆಸರಾಗಿದೆಯೋ, ಡಾಂಬರಿನ ದುಡ್ಡು ಯಾರಾದರೂ ನುಂಗಿದ್ದಾರೋ ಹೇಳಲು ದಾರಿ ಇಲ್ಲ. ಸಿಟ್ಟು ಇದೆ, ಆದರೆ ಅದಕ್ಕೆ ಮೊನೆ ಇಲ್ಲ. ನ್ಯೂಸ್ಪೀಕ್‌ಗೆ ಬೇಕಾದದ್ದು ಇದೇ.

ಕೆಲವು ಪದಗಳು ಉಳಿದರೂ ಅವುಗಳ ಒಳಗಿನ ಅರ್ಥವನ್ನು ತೋಡಿ ತೆಗೆಯಲಾಗುತ್ತದೆ. ಆರ್ವೆಲ್ ಕೊಡುವ ಉದಾಹರಣೆ ‘ಮುಕ್ತ’ ಎಂಬ ಅರ್ಥದ ಪದ. ‘ಈ ನಾಯಿ ಹೇನಿನಿಂದ ಮುಕ್ತ’, ‘ಈ ಹೊಲ ಕಳೆಯಿಂದ ಮುಕ್ತ’ ಎನ್ನಬಹುದು. ‘ನಾನು ಮುಕ್ತ’ ಎಂದರೆ ಅರ್ಥವೇ ಆಗುವುದಿಲ್ಲ. ಸಮಾನತೆಯೂ ಅಷ್ಟೇ. ‘ಎಲ್ಲ ಮನುಷ್ಯರೂ ಸಮಾನರು’ ಎಂಬ ವಾಕ್ಯ ‘ಎಲ್ಲರ ಕೂದಲೂ ಕೆಂಪು’ ಎಂದಷ್ಟೇ ಪೆದ್ದಾಗಿ ಕೇಳುತ್ತದೆ. ಏಕೆಂದರೆ ‘ಸಮಾನ’ಕ್ಕೆ ಅಲ್ಲಿ ಉಳಿದಿರುವ ಅರ್ಥ ಒಂದೇ: ಅಳತೆ, ತೂಕ, ಬಲದಲ್ಲಿ ಸರಿಸಮ.

ಇನ್ನೊಂದು ಉಪಾಯ, ಹೆಸರುಗಳನ್ನು ಕತ್ತರಿಸಿ ಅಂಟಿಸುವುದು. ನಾವು ‘ಬೆಸ್ಕಾಂ’ ಎನ್ನುವಾಗ ಬೆಂಗಳೂರು, ವಿದ್ಯುತ್, ಸರಬರಾಜು ಎಂಬ ಮಾತುಗಳು ನೆನಪಿಗೆ ಬರುತ್ತವೆಯೇ? ಇಲ್ಲ. ಬಾಯಿಂದ ಪದ ಜಾರಿಬಿಡುತ್ತದೆ ಅಷ್ಟೇ. ಅಲ್ಲಿ ಅದರಿಂದ ಏನೂ ನಷ್ಟವಿಲ್ಲ, ಹೇಳಲು ಸಲೀಸು. ಆದರೆ ಇದೇ ತಂತ್ರವನ್ನು ಅಧಿಕಾರ ಬಳಸಿಕೊಳ್ಳುವ ಬಗೆಯನ್ನು ಆರ್ವೆಲ್ ಕಾಮಿಂಟರ್ನ್ ಎಂಬ ನಿಜವಾದ ಪದದಿಂದ ತೋರಿಸುತ್ತಾರೆ. ಅದು ಹಲವು ದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟದ ಹೆಸರು. ‘ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್’ ಎಂದು ಪೂರ್ತಿ ಹೇಳಿದರೆ ಕೆಂಪು ಬಾವುಟ, ಮಾರ್ಕ್ಸ್, ಪ್ಯಾರಿಸ್ ಕಮ್ಯೂನ್, ಲೋಕದ ಸಹೋದರತ್ವ ಏನೇನೋ ಮನಸ್ಸಿಗೆ ಬರುತ್ತದೆ, ಒಂದು ಗಳಿಗೆಯಾದರೂ ಯೋಚಿಸಬೇಕಾಗುತ್ತದೆ. ‘ಕಾಮಿಂಟರ್ನ್’ ಎಂದರೆ ಒಂದು ಸಂಸ್ಥೆ, ಮುಗಿಯಿತು. ಕಾದಂಬರಿಯಲ್ಲಿ ಸತ್ಯ ಸಚಿವಾಲಯ ‘ಮಿನಿಟ್ರೂ’ ಆಗಿದೆ, ಚಿತ್ರಹಿಂಸೆ ಕೊಡುವ ಪ್ರೀತಿ ಸಚಿವಾಲಯ ‘ಮಿನಿಲವ್’ ಆಗಿದೆ.

ಇಷ್ಟೆಲ್ಲ ಯಾಕೆ? ಇದಕ್ಕೆ ಉತ್ತರ ನಿಘಂಟಿನಲ್ಲಿಲ್ಲ, ವಿನ್ಸ್‌ಟನ್‌ನ ಕಚೇರಿಯಲ್ಲಿದೆ. ಹಳೆಯ ಪತ್ರಿಕೆಗಳನ್ನು ತಿದ್ದಿ ಬರೆಯುವುದು ಅವನ ಕೆಲಸ. ಮೂಲ ಪ್ರತಿಯನ್ನು ‘ನೆನಪಿನ ಗುಂಡಿ’ಗೆ ಹಾಕಿ ಸುಡಲಾಗುತ್ತದೆ. ಚಾಕೊಲೆಟ್ ಪಡಿತರವನ್ನು ಸರ್ಕಾರ 30 ಗ್ರಾಂನಿಂದ 20 ಗ್ರಾಂಗೆ ಇಳಿಸುತ್ತದೆ. ಮರುದಿನವೇ, ಪಡಿತರವನ್ನು 20 ಗ್ರಾಂಗೆ ‘ಏರಿಸಿದ್ದಕ್ಕೆ’ ಜನ ಮೆರವಣಿಗೆ ಮಾಡಿ ವಂದಿಸಿದ ಸುದ್ದಿ ಬರುತ್ತದೆ. ಸುತ್ತಲಿನವರು ಅದನ್ನು ನುಂಗಿಕೊಳ್ಳುತ್ತಾರೆ. ನಿನ್ನೆ ಬರೆದದ್ದು ಇವತ್ತು ಇಲ್ಲ, ಇದ್ದರೂ ಎರಡನ್ನೂ ಪಕ್ಕಪಕ್ಕ ಇಟ್ಟು ‘ಇದು ಸುಳ್ಳು’ ಎನ್ನಲು ಪದವಿಲ್ಲ. ಪದ ಕಡಿಯುವವರೂ ಕಾಗದ ಸುಡುವವರೂ ಮಾಡುವುದು ಒಂದೇ ಕೆಲಸ: ನಿನ್ನೆಗೂ ಇಂದಿಗೂ ತಾಳೆ ನೋಡುವ ಜಾಗವನ್ನು ಇಲ್ಲವಾಗಿಸುವುದು. ತನ್ನ ದಿನಚರಿಯ ಮೇಲೆ ಬರೆದ ತಾರೀಕನ್ನೇ ವಿನ್ಸ್‌ಟನ್ ನಂಬಲಾಗದೆ ಹೋದದ್ದು ಇದಕ್ಕೇ.

ಈ ಭಾಷೆಯ ಕೆಲಸದಲ್ಲಿ ತೊಡಗಿದವರೂ ಅಲ್ಲಿ ಉಳಿಯುವುದಿಲ್ಲ. ಸೈಮ್ ಒಂದು ದಿನ ಕಾಣೆಯಾಗುತ್ತಾನೆ. ಆಂಪಲ್‌ಫೋರ್ತ್ ಎಂಬ ಕವಿಯನ್ನು ಬಂಧಿಸಲು ಕಾರಣ ಇಷ್ಟೇ: ಕಿಪ್ಲಿಂಗ್ ಪದ್ಯವೊಂದನ್ನು ತಿದ್ದುವಾಗ ‘ದೇವರು’ ಎಂಬ ಪದವನ್ನು ತೆಗೆಯದೆ ಬಿಟ್ಟದ್ದು. ಅಲ್ಲಿ ಪ್ರಾಸಕ್ಕೆ ಬೇರೆ ಪದವೇ ಸಿಗಲಿಲ್ಲ ಎಂದು ಅವನು ಹೇಳಿಕೊಳ್ಳುತ್ತಾನೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಕಲಕಿದ ಜಾಗಗಳಲ್ಲಿ ಇದೊಂದು. ಪ್ರಾಸದ ಕಿವಿ ಇದ್ದದ್ದಕ್ಕೆ ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಾನೆ.

ಆರ್ವೆಲ್‌ಗೆ ಇದು ಹೊಳೆದದ್ದು ಎಲ್ಲಿಂದ?

ಆರ್ವೆಲ್ ಹುಟ್ಟಿದ್ದು 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1943ರವರೆಗೆ, ಅವರು ಬಿಬಿಸಿಯ ಪೂರ್ವ ವಿಭಾಗದಲ್ಲಿ ಭಾರತದ ಕೇಳುಗರಿಗಾಗಿ ಕಾರ್ಯಕ್ರಮ ಮಾಡುತ್ತಿದ್ದರು. ಪ್ರಸಾರವಾಗುವ ಪ್ರತಿ ಬರಹವೂ ಸೆನ್ಸಾರ್ ದಾಟಿ ಬರಬೇಕಿತ್ತು. ಯಾವ ಪದ ಇರಬೇಕು, ಯಾವುದು ಹೋಗಬೇಕು ಎಂಬುದು ಅವರ ದಿನನಿತ್ಯದ ಅನುಭವವಾಗಿತ್ತು.

ಅದೇ ಕಾಲದಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬ ಯೋಜನೆಯೂ ಸುದ್ದಿಯಲ್ಲಿತ್ತು. ಇಂಗ್ಲೆಂಡಿನ ಭಾಷಾತಜ್ಞ ಸಿ.ಕೆ. ಆಗ್ಡನ್ 1930ರಲ್ಲಿ ಮುಂದಿಟ್ಟ ಈ ಯೋಜನೆಯಲ್ಲಿದ್ದದ್ದು ಕೇವಲ 850 ಪದಗಳು. ಜಗತ್ತಿನ ಯಾರಾದರೂ ಸುಲಭವಾಗಿ ಕಲಿಯುವಂಥ ಇಂಗ್ಲಿಷ್ ಬೇಕು ಎಂಬುದು ಆಗ್ಡನ್ ಅವರ ಆಸೆ. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. 1943ರಲ್ಲಿ ಚರ್ಚಿಲ್ ಹಾರ್ವರ್ಡ್ ಭಾಷಣದಲ್ಲಿ ಅದನ್ನು ಹೊಗಳಿದ್ದರು. ಮೊದಮೊದಲು ಆರ್ವೆಲ್‌ಗೂ ಅದರಲ್ಲಿ ಆಸಕ್ತಿ ಇತ್ತು. ಪದ ಕಡಿಮೆ ಮಾಡುವುದು ಒಳ್ಳೆಯ ಉದ್ದೇಶಕ್ಕೂ ಒದಗಬಹುದು. ಕಡಿಮೆ ಮಾಡುವ ಕತ್ತರಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

1946ರಲ್ಲಿ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಕುರಿತು ಬರೆದ ಪ್ರಬಂಧದಲ್ಲಿ ಆರ್ವೆಲ್ ಇನ್ನೊಂದು ರೋಗವನ್ನು ಗುರುತಿಸಿದರು. ನಿರಾಯುಧರ ಹಳ್ಳಿಗಳ ಮೇಲೆ ವಿಮಾನದಿಂದ ಬಾಂಬು ಸುರಿಯುತ್ತಾರೆ, ಅದಕ್ಕೆ ‘ಶಾಂತಿಸ್ಥಾಪನೆ’ ಎಂದು ಹೆಸರಿಡುತ್ತಾರೆ. ಇಲ್ಲಿ ಪದ ಇಲ್ಲವಾಗಿಲ್ಲ. ಪದವೇ ಒಂದು ಪರದೆಯಾಗಿದೆ.

ಇದು ಕಾದಂಬರಿಕಾರರ ಕಲ್ಪನೆ ಮಾತ್ರವಲ್ಲ ಎನ್ನಲು ಜರ್ಮನಿಯ ವಿಕ್ಟರ್ ಕ್ಲೆಂಪೆರರ್ ಅವರ ಬದುಕೇ ಸಾಕ್ಷಿ. ಡ್ರೆಸ್ಡೆನ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಈ ಯಹೂದಿ ವಿದ್ವಾಂಸರ ಕೆಲಸವನ್ನು ನಾಜಿಗಳು 1935ರಲ್ಲಿ ಕಿತ್ತುಕೊಂಡರು. ಮುಂದೆ ಗ್ರಂಥಾಲಯದ ಬಾಗಿಲು ಮುಚ್ಚಿದರು, ಟೈಪ್‌ರೈಟರ್ ಕಸಿದರು. ಓದಲು ಪುಸ್ತಕವಿಲ್ಲದ ಆ ಭಾಷಾಪಂಡಿತರು ಬೀದಿಯಲ್ಲಿ, ಕಾರ್ಖಾನೆಯಲ್ಲಿ, ರೇಡಿಯೋದಲ್ಲಿ ಕಿವಿಗೆ ಬಿದ್ದ ಪದಗಳನ್ನೇ ದಿನಚರಿಯಲ್ಲಿ ಬರೆಯುತ್ತ ಹೋದರು. ಬೈಗುಳವಾಗಿದ್ದ ‘ಮತಾಂಧ’ ಎಂಬ ಅರ್ಥದ ಪದ ಹೊಗಳಿಕೆಯಾದದ್ದನ್ನು ಗುರುತಿಸಿದರು. ನಾಜಿ ಕಡತಗಳಲ್ಲಿ ‘ವಿಶೇಷ ಉಪಚಾರ’ ಎಂದರೆ ಕೊಲೆ. ಸಿಕ್ಕಿದ್ದರೆ ಸಾವು ಖಚಿತವಾಗಿದ್ದ ಆ ಹಾಳೆಗಳನ್ನು ಅವರ ಹೆಂಡತಿ ಎವಾ, ಪಕ್ಕದ ಊರಿನ ವೈದ್ಯೆ ಗೆಳತಿಯ ಮನೆಗೆ ಸಾಗಿಸಿ ಅಡಗಿಸಿಟ್ಟರು. ಅದರಿಂದ ಹುಟ್ಟಿದ ಪುಸ್ತಕ 1947ರಲ್ಲಿ, ಆರ್ವೆಲ್ ಕಾದಂಬರಿಗಿಂತ ಎರಡು ವರ್ಷ ಮೊದಲು ಬಂತು. ಪದಗಳು ವಿಷದ ಸಣ್ಣ ಸಣ್ಣ ಗುಟುಕುಗಳಂತೆ, ನುಂಗುವಾಗ ಏನೂ ಅನಿಸುವುದಿಲ್ಲ, ಕೆಲ ಕಾಲದ ಮೇಲೆ ಪರಿಣಾಮ ಕಾಣುತ್ತದೆ ಎಂಬುದು ಅವರ ಅನುಭವದ ಮಾತು.

ಯಾರೂ ಕಸಿಯದೆ ಹೋದ ಓದು

ಭಾಷೆಯನ್ನು ಸರ್ಕಾರವೇ ಕೊಲ್ಲಬೇಕೆಂದಿಲ್ಲ ಎನ್ನುವ ಕಾದಂಬರಿಗಳೂ ಇವೆ. ಅವುಗಳಲ್ಲಿ ಮುಖ್ಯವಾದದ್ದು ರೇ ಬ್ರಾಡ್‌ಬರಿ ಅವರ ‘ಫ್ಯಾರನ್‌ಹೀಟ್ 451’, ಪ್ರಕಟವಾದದ್ದು 1953ರಲ್ಲಿ. ಇದರ ಮೊದಲ ರೂಪವನ್ನು ಬ್ರಾಡ್‌ಬರಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಅರ್ಧ ಗಂಟೆಗೆ ಹತ್ತು ಸೆಂಟ್ ಬಾಡಿಗೆಯ ಟೈಪ್‌ರೈಟರಿನಲ್ಲಿ, ನಾಣ್ಯ ಹಾಕುತ್ತ ಹಾಕುತ್ತ ಬರೆದರು. ಪುಸ್ತಕ ಸುಡುವ ಕತೆ ಹುಟ್ಟಿದ್ದು ಪುಸ್ತಕಗಳ ನಡುವೆಯೇ.

ಈ ಕತೆಯಲ್ಲಿ ಅಗ್ನಿಶಾಮಕ ದಳದವರ ಕೆಲಸ ಬೆಂಕಿ ಆರಿಸುವುದಲ್ಲ, ಮನೆಗಳಲ್ಲಿ ಸಿಕ್ಕ ಪುಸ್ತಕಗಳಿಗೆ ಬೆಂಕಿ ಇಡುವುದು. ಇದನ್ನು ಬಹಳ ಜನ ಸರ್ವಾಧಿಕಾರದ ಕತೆ ಎಂದೇ ಓದುತ್ತಾರೆ. ಆದರೆ ದಳದ ಮುಖ್ಯಸ್ಥ ಬೀಟಿ, ನಾಯಕ ಮೊಂಟಾಗ್‌ಗೆ ಹೇಳುವ ಚರಿತ್ರೆ ಬೇರೆ. ಇದು ಮೇಲಿನಿಂದ ಬಂದದ್ದಲ್ಲ, ಮೊದಲಿಗೆ ಆಜ್ಞೆಯೂ ಇರಲಿಲ್ಲ, ಸೆನ್ಸಾರೂ ಇರಲಿಲ್ಲ ಎನ್ನುತ್ತಾನೆ ಅವನು. ಜನಕ್ಕೆ ಪುರುಸೊತ್ತು ಕಡಿಮೆಯಾಯಿತು. ದೊಡ್ಡ ಕೃತಿಗಳನ್ನು ಹದಿನೈದು ನಿಮಿಷದ ರೇಡಿಯೋ ಕಾರ್ಯಕ್ರಮಕ್ಕೆ ಇಳಿಸಿದರು. ಆಮೇಲೆ ಎರಡು ನಿಮಿಷದಲ್ಲಿ ಓದುವ ಅಂಕಣ. ಕೊನೆಗೆ ನಿಘಂಟಿನಲ್ಲಿ ಹತ್ತು ಹನ್ನೆರಡು ಸಾಲು. ಯಾರಿಗೂ ಬೇಸರವಾಗಬಾರದು ಎಂದು ಚುಚ್ಚುವಂಥದ್ದನ್ನೆಲ್ಲ ಸವರುತ್ತ ಹೋದರು. ಪುಸ್ತಕ ತೆಳುವಾಗುತ್ತ ಆಗುತ್ತ ಯಾರಿಗೂ ಬೇಡವಾಯಿತು. ಬೆಂಕಿ ಬಂದದ್ದು ಆಮೇಲೆ.

ಕಬ್ಬಿನ ಗಾಣ ನೆನೆಸಿಕೊಳ್ಳಿ. ಮೊದಲ ಸಲ ಹಿಂಡಿದಾಗ ರಸ ಬರುತ್ತದೆ. ಆದರೆ ಕೈಯಲ್ಲಿ ಉಳಿದ ಸಿಪ್ಪೆಯನ್ನೇ ‘ಇದೇ ಕಬ್ಬು’ ಎಂದು ಮುಂದಿನವರಿಗೆ ಕೊಡುತ್ತ ಹೋದರೆ, ಮೂರನೆಯವನು ಕಬ್ಬಿಗೆ ರುಚಿಯೇ ಇಲ್ಲ ಎನ್ನುತ್ತಾನೆ. ಅವನ ತಪ್ಪಲ್ಲ. ಸಾರಾಂಶದ ಸಾರಾಂಶ ಓದಿದವರಿಗೆ ಆಗುವುದು ಹೀಗೇ.

ಈ ಪುಸ್ತಕದ ವಿಷಯದಲ್ಲೇ ಒಂದು ನೋವಿನ ಸಂಗತಿ ನಡೆದಿದೆ. ಇದರ ಪ್ರಕಾಶಕರೇ 1967ರಿಂದ ಶಾಲೆಗಳಿಗಾಗಿ ಮಾಡಿದ ಮುದ್ರಣದಲ್ಲಿ ಲೇಖಕರಿಗೆ ತಿಳಿಸದೆ ಬೈಗುಳಗಳನ್ನೂ ಕೆಲವು ಭಾಗಗಳನ್ನೂ ಬದಲಿಸಿದ್ದರು. ಬ್ರಾಡ್‌ಬರಿಗೆ ಇದು ಗೊತ್ತಾಗುವ ಹೊತ್ತಿಗೆ ಹತ್ತು ವರ್ಷಕ್ಕೂ ಹೆಚ್ಚು ಕಳೆದಿತ್ತು. ಅವರ ಒತ್ತಾಯದ ಮೇಲೆ ಮೂಲ ಪಾಠ ಮರಳಿ ಬಂತು.

ಬ್ರಾಡ್‌ಬರಿಗಿಂತ ಎರಡು ದಶಕ ಹಿಂದೆ, 1932ರಲ್ಲಿ, ಆಲ್ಡಸ್ ಹಕ್ಸ್‌ಲಿ ‘ಬ್ರೇವ್ ನ್ಯೂ ವರ್ಲ್ಡ್’ ಬರೆದಿದ್ದರು. ಅಲ್ಲಿ ಅಂಬೆಗಾಲಿಡುವ ಕೂಸುಗಳ ಮುಂದೆ ಬಣ್ಣದ ಪುಸ್ತಕಗಳನ್ನೂ ಹೂಗಳನ್ನೂ ಇಡುತ್ತಾರೆ. ಮುಟ್ಟಿದ ಕೂಡಲೇ ಕಿವಿಗಡಚಿಕ್ಕುವ ಸದ್ದು, ವಿದ್ಯುತ್ ಆಘಾತ. ಬೆಳೆದ ಮೇಲೆ ಪುಸ್ತಕ ಕಂಡರೇ ಆಗದು. ‘ತಾಯಿ’ ಎಂಬ ಪದ ಅಲ್ಲಿ ಅಶ್ಲೀಲ ಮಾತು. ಹೆಲ್ಮ್‌ಹೋಲ್ಟ್ಸ್ ಎಂಬ ಪಾತ್ರ ಘೋಷಣೆ ಬರೆಯುವುದರಲ್ಲಿ ನಿಪುಣ, ಆದರೂ ತನ್ನೊಳಗೆ ಏನೋ ದೊಡ್ಡದು ಹೇಳುವುದಿದೆ ಎಂದು ಚಡಪಡಿಸುತ್ತಾನೆ. ಹೇಳುವ ಶಕ್ತಿ ಇದೆ, ಹೇಳಲು ವಿಷಯವನ್ನೇ ಅವನ ಲೋಕ ಉಳಿಸಿಲ್ಲ.

ಅಕ್ಷರ ಯಾರಿಗೆ, ಯಾರಿಗಿಲ್ಲ

ಕೆನಡಾದ ಮಾರ್ಗರೆಟ್ ಅಟ್‌ವುಡ್ 1985ರಲ್ಲಿ ಬರೆದ ‘ದ ಹ್ಯಾಂಡ್‌ಮೇಡ್ಸ್ ಟೇಲ್’ನಲ್ಲಿ ಭಾಷೆ ಎಲ್ಲರಿಗೂ ಹಾಳಾಗಿಲ್ಲ. ಹೆಂಗಸರಿಗೆ ಓದು ಬರಹ ನಿಷಿದ್ಧ, ಗಂಡಸರಿಗೆ ಮತ್ತು ಆಳುವವರ ಪರವಾಗಿ ಹೆಂಗಸರನ್ನು ಹದ್ದಿನಲ್ಲಿಡುವ ‘ಆಂಟ್’ಗಳಿಗೆ ಮಾತ್ರ ಅದು ತೆರೆದಿದೆ. ಅಂಗಡಿಗಳ ಬೋರ್ಡಿನ ಅಕ್ಷರಗಳಿಗೆ ಬಣ್ಣ ಬಳಿದು ಮುಚ್ಚಿದ್ದಾರೆ. ಹಾಲು ಮೊಟ್ಟೆಯ ಅಂಗಡಿಯ ಮುಂದೆ ಮೂರು ಮೊಟ್ಟೆ, ಒಂದು ಜೇನುನೊಣ, ಒಂದು ಹಸುವಿನ ಚಿತ್ರ. ನಾಯಕಿಯ ಹೆಸರೂ ಅವಳದಲ್ಲ. ‘ಆಫ್‌ಫ್ರೆಡ್’ ಎಂದರೆ ‘ಫ್ರೆಡ್‌ನವಳು’, ಯಜಮಾನ ಬದಲಾದರೆ ಹೆಸರೂ ಬದಲಾಗುತ್ತದೆ.

ಆ ಯಜಮಾನ ಒಂದು ರಾತ್ರಿ ಅವಳನ್ನು ಗುಟ್ಟಾಗಿ ತನ್ನ ಕೋಣೆಗೆ ಕರೆಸುತ್ತಾನೆ. ಏನು ಕೇಳುತ್ತಾನೋ ಎಂದು ಅವಳು ನಡುಗುತ್ತಾಳೆ. ಅವನು ಕೇಳುವುದು ಸ್ಕ್ರ್ಯಾಬಲ್ ಆಡೋಣವೇ ಎಂದು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಮಾಡುವ ಮಕ್ಕಳ ಆಟ! ವರ್ಷಗಳ ನಂತರ ಅಕ್ಷರಗಳು ಬೆರಳಿಗೆ ತಾಗಿದಾಗ ಅವಳಿಗೆ ಅವುಗಳನ್ನು ಬಾಯಿಗೆ ಹಾಕಿಕೊಳ್ಳುವ ಆಸೆಯಾಗುತ್ತದೆ. ಭಾಷೆಯ ಹಸಿವನ್ನು ಇಷ್ಟು ಮೈಯಲ್ಲಿ ತೋರಿಸಿದ ಪುಟಗಳು ಕಡಿಮೆ.

ಚರಿತ್ರೆಯಲ್ಲಿ ಎಲ್ಲೂ ನಡೆಯದ್ದನ್ನು ಈ ಕಾದಂಬರಿಯಲ್ಲಿ ಸೇರಿಸಿಲ್ಲ ಎಂದು ಅಟ್‌ವುಡ್ ಹೇಳಿದ್ದಾರೆ. ಅಕ್ಷರ ನಿಷೇಧಕ್ಕಂತೂ ಉದಾಹರಣೆ ಹುಡುಕಬೇಕಿಲ್ಲ. ಅಮೆರಿಕದ ಸೌತ್ ಕ್ಯಾರೊಲೈನಾದಲ್ಲಿ 1739ರಲ್ಲಿ ಗುಲಾಮರ ದಂಗೆಯಾಯಿತು. ಮರುವರ್ಷವೇ ಬಂದ ಕಾನೂನು, ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ ವಿಧಿಸಿತು. ಬರೆಯಲು ಬಂದರೆ ಓಡಾಟದ ಪರವಾನಗಿ ಚೀಟಿಯನ್ನು ತಾವೇ ಬರೆದುಕೊಂಡುಬಿಡುತ್ತಾರೆ, ಒಬ್ಬರಿಗೊಬ್ಬರು ಸುದ್ದಿ ಕಳಿಸುತ್ತಾರೆ ಎಂಬ ಭಯ. ನಮ್ಮ ನೆಲದಲ್ಲಿ ಜಾತಿಯ ಹೆಸರಿನಲ್ಲಿ, ಹೆಣ್ಣೆಂಬ ಕಾರಣಕ್ಕೆ ತಲೆಮಾರುಗಳಿಗೆ ಅಕ್ಷರ ತಪ್ಪಿಸಿದ್ದು ನೆನಪಿರುವವರಿಗೆ ಈ ಭಯ ಹೊಸದಲ್ಲ. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಹೋಗುತ್ತಿದ್ದ ಸಾವಿತ್ರಿಬಾಯಿ ಫುಲೆ ಅವರ ಮೇಲೆ ಸಗಣಿ, ಕಲ್ಲು ಬಿದ್ದದ್ದು ಇದೇ ಭಯಕ್ಕೆ.

ಎಲ್ಲ ಮುರಿದುಬಿದ್ದ ಮೇಲೆ ಉಳಿಯುವ ತುಣುಕು

ಇನ್ನೊಂದು ಬಗೆಯ ಕಾದಂಬರಿಗಳಲ್ಲಿ ನಮಗೆ ಗೊತ್ತಿರುವಂಥ ಸರ್ಕಾರವೂ ಇಲ್ಲ, ಟಿವಿಯೂ ಇಲ್ಲ. ಅಣುಯುದ್ಧ ನಡೆದು ಶತಮಾನಗಳು ಕಳೆದಿವೆ. ವಾಲ್ಟರ್ ಮಿಲ್ಲರ್ ಅವರ ‘ಎ ಕ್ಯಾಂಟಿಕಲ್ ಫಾರ್ ಲೀಬೋವಿಟ್ಸ್’ನಲ್ಲಿ, ಈ ಗತಿ ತಂದವರು ಓದಿದವರೇ ಎಂದು ಸಿಟ್ಟಿಗೆದ್ದ ಜನ ವಿದ್ವಾಂಸರನ್ನು ಕೊಂದು ಪುಸ್ತಕಗಳನ್ನು ಸುಟ್ಟಿರುತ್ತಾರೆ. ‘ಪೆದ್ದ’ ಎಂಬುದು ಹೆಮ್ಮೆಯ ಬಿರುದಾಗಿದೆ. ಮರುಭೂಮಿಯ ಒಂದು ಮಠದ ಸನ್ಯಾಸಿಗಳು ಸಿಕ್ಕ ಚೂರುಪಾರು ಕಾಗದಗಳನ್ನು ಅರ್ಥವಾಗದಿದ್ದರೂ ನಕಲು ಮಾಡಿ ಕಾಪಾಡುತ್ತಿದ್ದಾರೆ. ಅವುಗಳಲ್ಲಿ ಒಂದು, ಮನೆಗೆ ಮಾಂಸ, ಬ್ರೆಡ್ಡು ತರಬೇಕೆಂದು ಯಾರೋ ಗೀಚಿಕೊಂಡ ಸಾಮಾನಿನ ಚೀಟಿ. ಇನ್ನೊಂದು, ವಿದ್ಯುತ್ ಯಂತ್ರವೊಂದರ ನಕ್ಷೆ. ಫ್ರಾನ್ಸಿಸ್ ಎಂಬ ಕಿರಿಯ ಸನ್ಯಾಸಿ ಅದನ್ನು ಬಂಗಾರದ ಬಳ್ಳಿಗಳಿಂದ ಅಲಂಕರಿಸಿ ನಕಲು ಮಾಡಲು 15 ವರ್ಷ ಸವೆಸುತ್ತಾನೆ. ಅದು ಏನೆಂದು ಅವನಿಗೆ ಗೊತ್ತಿಲ್ಲ. ಮಿಲ್ಲರ್ ಯುದ್ಧಕಾಲದಲ್ಲಿ ಇಟಲಿಯ ಮಾಂಟೆ ಕ್ಯಾಸಿನೋ ಮಠದ ಮೇಲೆ ಬಾಂಬು ಹಾಕಿದ ವಿಮಾನಪಡೆಯಲ್ಲಿದ್ದವರು. ಆರನೇ ಶತಮಾನದ ಆ ಮಠ 1944ರ ಫೆಬ್ರವರಿಯಲ್ಲಿ ನೆಲಸಮವಾಯಿತು.

ರಸೆಲ್ ಹೋಬನ್ ಇನ್ನೂ ಮುಂದೆ ಹೋದರು. 1980ರ ‘ರಿಡ್ಲಿ ವಾಕರ್’ ಕಾದಂಬರಿಯಲ್ಲಿ ಇಡೀ ಪುಸ್ತಕವೇ ಮುರಿದ ಇಂಗ್ಲಿಷಿನಲ್ಲಿದೆ. ಎರಡು ಸಾವಿರ ವರ್ಷಗಳಾಚೆಯ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯ, ಹನ್ನೆರಡರ ಹುಡುಗ ಕತೆ ಹೇಳುತ್ತಾನೆ. ಪ್ರೈಮ್ ಮಿನಿಸ್ಟರ್ ಅವನ ಬಾಯಲ್ಲಿ ‘ಪ್ರೈ ಮಿನ್ಸರ್’ ಆಗಿದ್ದಾನೆ, ಅಂದರೆ ಸೀಳಿ ಕೊಚ್ಚುವವನು. ಆಟಮ್, ಅಂದರೆ ಪರಮಾಣು, ಎಂಬುದು ಬೈಬಲ್ಲಿನ ಮೊದಲ ಮನುಷ್ಯ ‘ಆಡಮ್’ ಜೊತೆ ಬೆರೆತು ಎರಡು ಹೋಳಾದ ಒಬ್ಬ ಪುಟ್ಟ ಹೊಳೆಯುವ ಮನುಷ್ಯನ ಪುರಾಣವಾಗಿದೆ. ಕ್ಯಾಂಟರ್ಬರಿ ಚರ್ಚಿನ ಗೋಡೆಚಿತ್ರದ ಬಗ್ಗೆ ಪ್ರವಾಸಿಗರಿಗಾಗಿ ಬರೆದ ನಮ್ಮ ಕಾಲದ ಒಂದು ಸಾಧಾರಣ ಟಿಪ್ಪಣಿ ಅವರಿಗೆ ಪವಿತ್ರ ಗ್ರಂಥ. ಅದರಲ್ಲಿ ‘ಫಿಡೆಲಿಟಿ’, ಅಂದರೆ ನಿಷ್ಠೆ, ಎಂಬ ಪದವಿದೆ. ಅದು ಯಾವುದೋ ಬಗೆಯ ಬಣ್ಣದ ಹೆಸರಿರಬೇಕು ಎಂದು ಅಲ್ಲಿನ ಆಳುವವನು ಗಂಭೀರವಾಗಿ ವಿವರಿಸುತ್ತಾನೆ. ಸಂತ ಎಂಬುದಕ್ಕೆ ಬಳಸುವ ‘ಸೇಂಟ್’ನ ಕಿರುರೂಪ ಅವನಿಗೆ ‘ಸೆಂಟ್’, ಅಂದರೆ ‘ಕಳಿಸಲ್ಪಟ್ಟವನು’.

ಅಕ್ಷರ ಉಳಿದಿದೆ, ಅದರ ಹಿಂದಿನ ಲೋಕ ಹೋಗಿದೆ. ಆರ್ವೆಲ್ ಲೋಕದಲ್ಲಿ ನಿನ್ನೆಯನ್ನು ಯಾರೋ ಅಳಿಸುತ್ತಿದ್ದರು. ಇಲ್ಲಿ ಅಳಿಸುವವರು ಯಾರೂ ಇಲ್ಲ, ನಿನ್ನೆ ಕೈಯಲ್ಲೇ ಇದೆ, ಓದಲಾಗುತ್ತಿಲ್ಲ.

ಪದ ಇಲ್ಲದಿದ್ದರೆ ಯೋಚನೆಯೂ ಇಲ್ಲವೇ?

ನ್ಯೂಸ್ಪೀಕ್ ನಿಂತಿರುವುದು ಒಂದು ನಂಬಿಕೆಯ ಮೇಲೆ: ಪದ ಕಿತ್ತರೆ ಯೋಚನೆ ಸಾಯುತ್ತದೆ. ಭಾಷೆ ನಮ್ಮ ಯೋಚನೆಯನ್ನು ರೂಪಿಸುತ್ತದೆ ಎಂಬ ವಾದದ ಜೊತೆ ಅಮೆರಿಕದ ಭಾಷಾತಜ್ಞರಾದ ಎಡ್ವರ್ಡ್ ಸಪೀರ್ ಮತ್ತು ಬೆಂಜಮಿನ್ ಲೀ ವೋರ್ಫ್ ಅವರ ಹೆಸರು ಸೇರಿಕೊಂಡಿದೆ. ವೋರ್ಫ್ ವೃತ್ತಿಯಿಂದ ವಿಮಾ ಕಂಪನಿಯ ಬೆಂಕಿ ಅಪಘಾತ ತಪಾಸಣೆಯವರು. ‘ಖಾಲಿ’ ಪೆಟ್ರೋಲ್ ಡ್ರಮ್ಮುಗಳ ಹತ್ತಿರ ಜನ ಧೈರ್ಯವಾಗಿ ಸಿಗರೇಟು ಸೇದುವುದನ್ನು ಅವರು ಕಂಡಿದ್ದರು. ನಿಜದಲ್ಲಿ ಆವಿ ತುಂಬಿದ ಖಾಲಿ ಡ್ರಮ್ಮು ಹೆಚ್ಚು ಅಪಾಯಕಾರಿ. ಆದರೆ ‘ಖಾಲಿ’ ಎಂಬ ಪದ ‘ಏನೂ ಇಲ್ಲ’ ಎನಿಸಿಬಿಡುತ್ತದೆ.

ಇಂದಿನ ಭಾಷಾವಿಜ್ಞಾನಿಗಳು ಈ ವಾದವನ್ನು ಅರ್ಧ ಒಪ್ಪುತ್ತಾರೆ. ಪದಗಳು ಗಮನವನ್ನು ಒಂದು ಕಡೆಗೆ ತಿರುಗಿಸುತ್ತವೆ, ನಿಜ. ರಷ್ಯನ್ ಭಾಷೆಯಲ್ಲಿ ತಿಳಿನೀಲಿಗೂ ಕಡುನೀಲಿಗೂ ಬೇರೆ ಬೇರೆ ಹೆಸರುಗಳಿವೆ. ಆ ಗಡಿಯ ಎರಡು ಬದಿಯ ಬಣ್ಣಗಳನ್ನು ರಷ್ಯನ್ನರು ತುಸು ಬೇಗ ಬೇರ್ಪಡಿಸುತ್ತಾರೆಂದು 2007ರ ಪ್ರಯೋಗವೊಂದು ತೋರಿಸಿತು. ಆದರೆ ಪದವಿಲ್ಲದಿದ್ದರೆ ಯೋಚನೆಯೇ ಅಸಾಧ್ಯ ಎಂಬುದನ್ನು ಅವರು ಒಪ್ಪುವುದಿಲ್ಲ. ಹಿಂದಿಯಲ್ಲಿ ನಿನ್ನೆಗೂ ‘ಕಲ್’, ನಾಳೆಗೂ ‘ಕಲ್’. ಹಾಗೆಂದು ಹಿಂದಿಯವರು ನಿನ್ನೆಯ ರೈಲು ಹಿಡಿಯಲು ಹೊರಡುವುದಿಲ್ಲ.

ಇನ್ನೊಂದು ತೊಡಕು ಮಕ್ಕಳದು. ನಿಕರಾಗುವಾದಲ್ಲಿ 1970ರ ದಶಕದ ಕೊನೆಯಲ್ಲಿ ಕಿವುಡ ಮಕ್ಕಳನ್ನು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಒಂದೇ ಶಾಲೆಗೆ ಸೇರಿಸಿದರು. ಅವರ ನಡುವೆ ಹಂಚಿಕೊಂಡ ಭಾಷೆ ಇರಲಿಲ್ಲ. ಆಟದ ಬಯಲಿನಲ್ಲಿ ಕೈಸನ್ನೆ ಮಾಡುತ್ತ ಮಾಡುತ್ತ ತಾವೇ ಒಂದು ಭಾಷೆ ಕಟ್ಟಿಕೊಂಡರು. ಅವರ ಹಿಂದೆ ಬಂದ ಇನ್ನೂ ಚಿಕ್ಕ ಮಕ್ಕಳು ಅದಕ್ಕೆ ಪೂರ್ತಿ ವ್ಯಾಕರಣ ಕೊಟ್ಟರು. ಬಡ ಭಾಷೆಯನ್ನು ಕೊಟ್ಟರೂ ಮಕ್ಕಳು ಅದನ್ನು ಸಿರಿವಂತ ಮಾಡಿಬಿಡುತ್ತಾರೆ. ದೊಡ್ಡವರೂ ಕಡಿಮೆಯಲ್ಲ. ಚೀನಾದಲ್ಲಿ ಅಂತರ್ಜಾಲದ ಬರಹಗಳನ್ನು ಅಳಿಸುವುದಕ್ಕೆ ‘ಸಾಮರಸ್ಯ’ ಎಂದು ಹೆಸರಿಟ್ಟಾಗ, ಜನ ಆ ಪದಕ್ಕೆ ಉಚ್ಚಾರದಲ್ಲಿ ಹತ್ತಿರವಿರುವ ‘ಹೊಳೆಯ ಏಡಿ’ಯನ್ನು ಹಿಡಿದುಕೊಂಡರು. ‘ನನ್ನ ಬರಹವನ್ನು ಏಡಿ ತಿಂದಿತು’ ಎಂಬ ಜಾಡಿನ ಮಾತು ಎಲ್ಲರಿಗೂ ಅರ್ಥವಾಗುತ್ತಿತ್ತು.

ಹಾಗೆಯೇ, ಭಾಷೆ ಬದಲಾಗುವುದೆಲ್ಲ ಭಾಷೆ ಸೊರಗುವುದಲ್ಲ. ತರಕಾರಿ ಹೆಚ್ಚುವುದು, ಹೂ ಕೊಯ್ಯುವುದು, ಸೌದೆ ಸೀಳುವುದು, ಬಟ್ಟೆ ಕತ್ತರಿಸುವುದು ಈಗ ಎಷ್ಟೋ ಮನೆಗಳಲ್ಲಿ ‘ಕಟ್ ಮಾಡುವುದು’ ಆಗಿದೆ. ನನಗೆ ಇದರಿಂದ ಸಂಕಟವಾಗುತ್ತದೆ, ಮುಚ್ಚಿಡುವುದಿಲ್ಲ. ಆದರೂ ಇದು ನ್ಯೂಸ್ಪೀಕ್ ಅಲ್ಲ. ಇಲ್ಲಿ ಯಾರೂ ಪದ ನಿಷೇಧಿಸಿಲ್ಲ. ‘ಹೆಚ್ಚು’ ಎಂದವರನ್ನು ಹಿಡಿದೊಯ್ಯುವವರಿಲ್ಲ. ಹಳೆಯ ಪದ ಬೇಕೆಂದವರಿಗೆ ಅಜ್ಜಿಯ ಬಾಯಲ್ಲಿ, ನಿಘಂಟಿನಲ್ಲಿ, ಹಳೆಯ ಪುಸ್ತಕದಲ್ಲಿ ಅದು ಸಿಗುತ್ತದೆ. ಹಿಂದಕ್ಕೆ ಹೋಗಿ ನೋಡುವ ದಾರಿ ಮುಚ್ಚಿಲ್ಲ.

ನ್ಯೂಸ್ಪೀಕ್ ಪೂರ್ತಿ ಗೆಲ್ಲುವುದು ಕಷ್ಟ, ನಿಜ. ಆದರೆ ಯೋಚನೆಯನ್ನು ಕೊಲ್ಲಲಾಗದಿದ್ದರೂ ಒಬ್ಬರ ಯೋಚನೆ ಇನ್ನೊಬ್ಬರಿಗೆ ತಲುಪದಂತೆ, ಮುಂದಿನ ತಲೆಮಾರಿಗೆ ಉಳಿಯದಂತೆ ಮಾಡಬಹುದು. ಡ್ರೆಸ್ಡೆನ್‌ನ ಪ್ರಾಧ್ಯಾಪಕರ ತಲೆಯೊಳಗಿನ ಪದಗಳನ್ನು ನಾಜಿಗಳು ಕಸಿಯಲಾಗಲಿಲ್ಲ. ಅವರಿಗೆ ಬೇಕಿದ್ದದ್ದು ಆ ಕಾಗದದ ಕಟ್ಟು.

ಕೊನೆಯ ಪುಟದ ಇಸವಿ

‘1984’ ಎಲ್ಲಿ ಮುಗಿಯುತ್ತದೆ ಎಂದು ಕೇಳಿದರೆ, ವಿನ್ಸ್‌ಟನ್ ಸೋತು ಶರಣಾಗುವಲ್ಲಿ ಎಂದು ಹೆಚ್ಚಿನವರು ಹೇಳುತ್ತಾರೆ. ಅದು ಕತೆಯ ಕೊನೆ, ಪುಸ್ತಕದ ಕೊನೆಯಲ್ಲ. ಆಮೇಲೆ ನ್ಯೂಸ್ಪೀಕ್‌ನ ನಿಯಮಗಳನ್ನು ವಿವರಿಸುವ ಒಂದು ಅನುಬಂಧವಿದೆ. ಓದುಗರು ಅದನ್ನು ಹಾರಿಸುವುದೇ ಹೆಚ್ಚು. 1949ರಲ್ಲಿ ಅಮೆರಿಕದ ದೊಡ್ಡ ಪುಸ್ತಕ ಕ್ಲಬ್ಬೊಂದು ಈ ಅನುಬಂಧವನ್ನೂ ನಡುವಿನ ಇನ್ನೊಂದು ದೀರ್ಘ ಭಾಗವನ್ನೂ ತೆಗೆದರೆ ಆಯ್ಕೆ ಮಾಡಿಕೊಳ್ಳುವುದಾಗಿ ಹೇಳಿತು. ಕ್ಷಯದಿಂದ ಹಾಸಿಗೆ ಹಿಡಿದಿದ್ದ ಆರ್ವೆಲ್ ಒಪ್ಪಲಿಲ್ಲ. ಕ್ಲಬ್ಬೇ ಮಣಿಯಿತು. ಮರುವರ್ಷದ ಜನವರಿಯಲ್ಲಿ ಅವರು ತೀರಿಕೊಂಡರು.

ಅನುಬಂಧ ಇರುವುದು ನ್ಯೂಸ್ಪೀಕ್‌ನಲ್ಲಲ್ಲ, ಮಾಮೂಲಿ ಇಂಗ್ಲಿಷಿನಲ್ಲಿ, ಮತ್ತು ಭೂತಕಾಲದಲ್ಲಿ. ನ್ಯೂಸ್ಪೀಕ್ ‘ಆಗಿತ್ತು’, ‘ಬಳಸುತ್ತಿದ್ದರು’. ಆ ಆಡಳಿತ ಮುಂದೊಂದು ದಿನ ಬಿದ್ದುಹೋಯಿತು, ಆಮೇಲೆ ಯಾರೋ ಇದನ್ನು ಬರೆದಿದ್ದಾರೆ ಎಂದು ಅಟ್‌ವುಡ್ ಸೇರಿದಂತೆ ಹಲವರು ಇದನ್ನು ಓದುತ್ತಾರೆ. ಅಟ್‌ವುಡ್ ಕಾದಂಬರಿಯ ಕೊನೆಗೂ ಇಂಥದ್ದೇ ಒಂದು ಅಧ್ಯಾಯವಿದೆ. 2195ರಲ್ಲಿ ವಿದ್ವಾಂಸರು ಸೇರಿ, ಬರೆಯಲು ಬಿಡದ ಹೆಂಗಸೊಬ್ಬಳು ಕ್ಯಾಸೆಟ್ಟುಗಳಲ್ಲಿ ಹೇಳಿಟ್ಟ ಕತೆಯನ್ನು ಚರ್ಚಿಸುತ್ತಾರೆ.

ಆರ್ವೆಲ್ ಅವರ ಅನುಬಂಧದ ಕೊನೆಯ ಮಾತು ಅನುವಾದದ ಬಗ್ಗೆ. ಶೇಕ್ಸ್‌ಪಿಯರ್, ಮಿಲ್ಟನ್, ಸ್ವಿಫ್ಟ್, ಬೈರನ್, ಡಿಕನ್ಸ್ ಇವರನ್ನೆಲ್ಲ ನ್ಯೂಸ್ಪೀಕ್‌ಗೆ ತಿರುಗಿಸಿ, ಆಮೇಲೆ ಮೂಲಗಳನ್ನು ನಾಶ ಮಾಡುವುದು ಆಡಳಿತದ ಯೋಜನೆ. ಆದರೆ ಅನುವಾದ ನಿಧಾನ, ಬಹಳ ಕಷ್ಟ. ಇಪ್ಪತ್ತೊಂದನೇ ಶತಮಾನದ ಮೊದಲ ಅಥವಾ ಎರಡನೇ ದಶಕಕ್ಕೆ ಮುಂಚೆ ಮುಗಿಯುವ ಲಕ್ಷಣವಿರಲಿಲ್ಲ. ಆ ಕೆಲಸಕ್ಕೆ ಸಮಯ ಬೇಕಾದ್ದರಿಂದಲೇ ಹಳೆಯ ಭಾಷೆಯನ್ನು ಕೊನೆಗಾಣಿಸುವ ಇಸವಿಯನ್ನು 2050ರಷ್ಟು ಮುಂದಕ್ಕೆ ಹಾಕಬೇಕಾಯಿತು.